ಮಲೆನಾಡಿನ ಕಾಡುಕೆರೆಗಳಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಾಗರ ಮತ್ತು ಸೊರಬ ತಾಲ್ಲೂಕುಗಳ ಗಡಿಯಲ್ಲಿರುವ ಸಣ್ಣ ಹಳ್ಳಿ. ಮನೆಯ ಹಿಂದೆ ಅಡಿಕೆ ತೋಟ, ತೋಟದ ತಲೆಯಲ್ಲಿ ಕೆರೆ, ಕೆರೆಯ ಮೇಲೆ ಕಾನು, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು. ಜೋಗ ನೋಡಲು ಬಂದ ನೆಂಟರು, ನೆಂಟರ ಸ್ನೇಹಿತರು, ಆ ಸ್ನೇಹಿತರ ಕಚೇರಿಯವರು ‘ಜನ ಇಲ್ಲದ ಒಂದು ಕೆರೆ ತೋರಿಸಿ’ ಎಂದು ಕೇಳಲು ಆರಂಭಿಸಿ ಹಲವು ವರ್ಷಗಳಾದವು. ಫೋನಿನಲ್ಲಿ ಎಲ್ಲರಿಗೂ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಹೊರಡುವ ಮೊದಲು ಒಮ್ಮೆ ಪೂರ್ತಿ ಓದಿ.

ಕೆರೆ, ಕಟ್ಟೆ, ಕೊಳ, ಹೊಂಡ: ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಎರಡು ಗುಡ್ಡಗಳ ನಡುವಿನ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದರೆ ಅದು ಕೆರೆ. ಅದಕ್ಕೆ ಗದ್ದೆಗೆ ನೀರು ಬಿಡುವ ತೂಬು ಇರುತ್ತದೆ, ಹೆಚ್ಚಾದ ನೀರು ಹರಿದುಹೋಗಲು ಒಂದು ಬದಿಯಲ್ಲಿ ಕೋಡಿ ಇರುತ್ತದೆ. ಇದರದೇ ಸಣ್ಣ ರೂಪ ಕಟ್ಟೆ. ನೆಲ ಅಗೆದು ಕಲ್ಲಿನ ಮೆಟ್ಟಿಲು ಕಟ್ಟಿದ್ದು ಕೊಳ, ದೇವಸ್ಥಾನದ ಬಳಿ ಇದ್ದರೆ ಪುಷ್ಕರಣಿ. ದನಕರುಗಳಿಗೆ, ತೋಟದ ಬಳಕೆಗೆ ತೋಡಿದ್ದು ಹೊಂಡ.

ಇವೆಲ್ಲಕ್ಕಿಂತ ಹಳೆಯದು ಜಡ್ಡಿ. ಯಾರೂ ಕಟ್ಟದೆ, ಕಾಡಿನೊಳಗೆ ವರ್ಷವಿಡೀ ಜೌಗಾಗಿಯೇ ಉಳಿದಿರುವ ನೆಲ. ಶರಾವತಿ ಕಣಿವೆಯಲ್ಲಿ, ಸಿದ್ದಾಪುರದ ಕಡೆಯ ಕತ್ತಲೆಕಾನಿನಲ್ಲಿ ಇಂಥ ರಾಂಪತ್ರೆ ಮರಗಳ ಜಡ್ಡಿಗಳಿವೆ. ಅಲ್ಲಿನ ಮರಗಳ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಿಸಿದ ಮಂಡಿಯಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಗಾಳಿಯಾಡದ ಕೆಸರಿನಲ್ಲಿ ಮರ ಉಸಿರಾಡುವುದು ಆ ಬೇರುಗಳಿಂದ. ಅದರ ಮೇಲೆ ಕಾಲಿಟ್ಟು ದಾಟುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಡ್ಡಿಯನ್ನು ಅಂಚಿನಲ್ಲಿ ನಿಂತು ನೋಡಿ.

ಇಷ್ಟೊಂದು ಮಳೆ ಬೀಳುವ ಸೀಮೆಯಲ್ಲಿ ಕೆರೆ ಕಟ್ಟುವ ಅಗತ್ಯವೇನಿತ್ತು?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು, ಕೇಳುವವರು ಕಡಿಮೆ.

ನಮ್ಮಲ್ಲಿ ಮಳೆ ಬರುವುದು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಸುರಿಯುತ್ತದೆ. ಪೂರ್ವಕ್ಕೆ ಶಿಕಾರಿಪುರದ ಕಡೆ ಹೋದಂತೆ ಅದು ಬಹಳ ಇಳಿದುಹೋಗುತ್ತದೆ. ಸುರಿದ ನೀರು ನಿಲ್ಲುವುದಿಲ್ಲ. ನೆಲದಡಿ ಇರುವುದು ಜಂಬಿಟ್ಟಿಗೆ ಕಲ್ಲು, ಮೈತುಂಬ ತೂತು. ಗುಡ್ಡದ ಇಳಿಜಾರಿನಲ್ಲಿ ಒಂದಷ್ಟು ನೀರು ಹಳ್ಳ ಸೇರಿ ಹೊಳೆಗೆ ಹೋಗುತ್ತದೆ, ಒಂದಷ್ಟು ಕಲ್ಲಿನೊಳಗೆ ಇಳಿಯುತ್ತದೆ. ದೀಪಾವಳಿ ಕಳೆದ ಮೇಲೆ ಆರು ತಿಂಗಳು ಒಂದು ಹನಿ ಬೀಳದಿರಬಹುದು. ಅಡಿಕೆ ಮರ ಮಾತ್ರ ಆ ಆರು ತಿಂಗಳೂ ನೀರು ಕೇಳುತ್ತದೆ.

ಹೀಗಾಗಿ ಹಿರಿಯರು ಮೇಲೆ ಕಾನು ಉಳಿಸಿದರು, ಅದರ ಬುಡದಲ್ಲಿ ಕೆರೆ ಕಟ್ಟಿದರು, ಕೆರೆಯ ಕೆಳಗೆ ತೋಟ ಮತ್ತು ಗದ್ದೆ ಮಾಡಿದರು. ಕಾನಿನ ದಟ್ಟ ನೆರಳು, ಮೊಣಕಾಲೆತ್ತರದ ತರಗೆಲೆ, ಬೇರುಗಳ ಜಾಲ ಎಲ್ಲ ಸೇರಿ ಮಳೆನೀರನ್ನು ತಡೆದು ನೆಲಕ್ಕೆ ಇಳಿಸುತ್ತವೆ. ಇಳಿದ ನೀರು ನಿಧಾನವಾಗಿ ಒರತೆಯಾಗಿ ಒಸರಿ ಕೆರೆಗೆ ಬರುತ್ತದೆ. ಮಾರ್ಚ್‌ನಲ್ಲಿ ನಮ್ಮ ಕೆರೆಯ ಮೇಲ್ದಂಡೆಗೆ ಹೋಗಿ ಕುಳಿತರೆ, ಮತ್ತಿಮರವೊಂದರ ಬೇರಿನ ಸಂದಿಯಿಂದ ಕಿರುಬೆರಳು ಗಾತ್ರದ ನೀರು ಹರಿಯುವುದು ಕಾಣುತ್ತದೆ. ಎಂಟು ತಿಂಗಳ ಹಿಂದೆ ಬಿದ್ದ ಮಳೆ ಅದು. ಕಾನು ಬೋಳಾದ ಊರುಗಳಲ್ಲಿ ಕೆರೆಗಳು ಸಂಕ್ರಾಂತಿಯ ಹೊತ್ತಿಗೇ ಒಣಗಿರುವುದನ್ನು ನಾನು ಕಂಡಿದ್ದೇನೆ. ನೀವು ಕೆರೆ ನೋಡಲು ಬಂದಾಗ ನೀರನ್ನಷ್ಟೇ ನೋಡಿ ಹೋಗಬೇಡಿ. ಒಮ್ಮೆ ತಲೆಯೆತ್ತಿ ಮೇಲಿನ ಕಾಡನ್ನು, ಒಮ್ಮೆ ಏರಿಯ ಮೇಲೆ ನಿಂತು ಕೆಳಗಿನ ಗದ್ದೆಯನ್ನು ನೋಡಿ.

ಈ ಕೆರೆಗಳು ಎಷ್ಟು ಹಳೆಯವು?

ಹಳ್ಳಿಯ ಹೆಚ್ಚಿನ ಕೆರೆಗಳಿಗೆ ಬರೆದಿಟ್ಟ ಚರಿತ್ರೆ ಇಲ್ಲ. ಇರುವ ಕಡೆ ಅದು ಬೆರಗು ಹುಟ್ಟಿಸುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಶಿಲಾಸ್ತಂಭವಿದೆ. ಕದಂಬ ಕಾಕುಸ್ಥವರ್ಮ ಅಲ್ಲಿ ದೊಡ್ಡ ಕೆರೆಯೊಂದನ್ನು ಮಾಡಿಸಿದ್ದನ್ನು ದಾಖಲಿಸಲು ಅವನ ಮಗ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಅದರ ಮೇಲಿದೆ. ಮಯೂರಶರ್ಮ ವೇದ ಕಲಿಯಲು ಕಂಚಿಗೆ ಹೋದದ್ದು, ಅಲ್ಲಿ ಅವಮಾನಗೊಂಡು ಕತ್ತಿ ಹಿಡಿದದ್ದು ನಾವೆಲ್ಲ ಶಾಲೆಯಲ್ಲಿ ಓದಿದ ಕಥೆ. ಆ ಕಥೆಗೆ ಆಧಾರ ಇದೇ ಶಾಸನ. ಅಂದರೆ ಕನ್ನಡಿಗರ ಮೊದಲ ರಾಜವಂಶ ಎನಿಸಿದ ಕದಂಬರ ಮೂಲ ನಮಗೆ ತಿಳಿದದ್ದು ಒಂದು ಕೆರೆಯ ಕಾರಣದಿಂದ.

ಆಮೇಲೆ 1499ರಿಂದ 1763ರವರೆಗೆ ಆಳಿದ ಕೆಳದಿಯ ನಾಯಕರು ಈ ಸೀಮೆಯಲ್ಲಿ ಕೆರೆ, ಕೊಳಗಳನ್ನು ಕಟ್ಟಿಸುತ್ತಲೇ ಹೋದರು. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಾದಲ್ಲೆಲ್ಲ ನೀರಿನ ಕೆಲಸವೂ ಜೊತೆಗೆ ಸಾಗಿತು.

ಮೊದಲ ಬಾರಿ ಬರುವವರು ಯಾವುದನ್ನು ನೋಡಬೇಕು?

ನಾನು ಮೊದಲು ಹೇಳುವ ಹೆಸರು ಹೊಸನಗರ ತಾಲ್ಲೂಕಿನ ನಗರ (ಹಿಂದಿನ ಬಿದನೂರು) ಎಂಬ ಊರಿನ ಬಳಿಯ ದೇವಗಂಗೆ. ಬಿದನೂರಿನ ಅರಸರು ಕಟ್ಟಿಸಿದ ಏಳು ಕೊಳಗಳು ಗುಡ್ಡದ ಮಡಿಲಿನಲ್ಲಿವೆ. ಒಂದೊಂದಕ್ಕೂ ಒಂದೊಂದು ಆಕಾರ. ಗುಡ್ಡದಿಂದ ಬರುವ ನೀರು ಕಲ್ಲಿನ ದೋಣಿಗಳ ಮೂಲಕ ಕೊಳದಿಂದ ಕೊಳಕ್ಕೆ ಇಳಿಯುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಅಲ್ಲಿ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ನೀರಿನ ಸದ್ದನ್ನು ಕೇಳಲು ಒಂದು ಗಂಟೆಯಾದರೂ ಇಟ್ಟುಕೊಂಡು ಹೋಗಿ.

ಸಾಗರ ತಾಲ್ಲೂಕಿನ ಆನಂದಪುರದ ಬಳಿ ಮಹಂತಿನ ಮಠದ ಚಂಪಕ ಸರಸು ಇದೆ. ಕೆಳದಿಯ ವೆಂಕಟಪ್ಪ ನಾಯಕ ತಾನು ಪ್ರೀತಿಸಿದ ಚಂಪಕಾ ಎಂಬ ಹೆಣ್ಣಿನ ನೆನಪಿಗೆ ಕಟ್ಟಿಸಿದ್ದು ಎಂದು ಜನ ಹೇಳುತ್ತಾರೆ. ಜಂಬಿಟ್ಟಿಗೆಯ ಮೆಟ್ಟಿಲು, ನಡುವೆ ಪುಟ್ಟ ಮಂಟಪ. ಬಹುಕಾಲ ಹೂಳು ತುಂಬಿ ಹಾಳುಬಿದ್ದಿತ್ತು. ಹೂಳೆತ್ತಿದ ಮೇಲೆ ಮತ್ತೆ ನೀರು ಕಂಡಿತು.

ತೀರ್ಥಹಳ್ಳಿ ಕಡೆಗಾದರೆ ಕವಲೇದುರ್ಗ. ಏರುದಾರಿಯಲ್ಲಿ ನಡೆಯಬೇಕು. ಕೋಟೆಯೊಳಗೆ ಅಷ್ಟು ಎತ್ತರದಲ್ಲಿ ಕೊಳಗಳಲ್ಲಿ ನೀರು ನಿಂತಿರುವುದನ್ನು ಕಂಡಾಗ ದಣಿವು ಮರೆಯುತ್ತದೆ. ಆಗುಂಬೆಯ ಹಾದಿಯಲ್ಲಿ ಕುಂದಾದ್ರಿಯ ಬಂಡೆಯ ತುದಿಯಲ್ಲಿ ಪಾರ್ಶ್ವನಾಥ ಬಸದಿಯ ಪಕ್ಕದಲ್ಲೂ ಕೊಳಗಳಿವೆ. ಹೊಂಬುಜದಲ್ಲಿ ಮುತ್ತಿನಕೆರೆ ಇದೆ, ಅದು ಎಂದೂ ಬತ್ತುವುದಿಲ್ಲ ಎಂಬುದು ಭಕ್ತರ ನಂಬಿಕೆ.

ಹಕ್ಕಿ ನೋಡುವವರಿಗೆ ಸೊರಬ ತಾಲ್ಲೂಕಿನ ಗುಡವಿ. ಅದಕ್ಕೆ ಕೆಳಗೆ ಬೇರೆಯಾಗಿಯೇ ಬರೆದಿದ್ದೇನೆ.

ಶರಾವತಿ ಹಿನ್ನೀರು ಕೂಡ ದೊಡ್ಡ ಕೆರೆಯಂತೆಯೇ ಕಾಣುತ್ತದೆ. ಅಲ್ಲಿಗೂ ಹೋಗಬಹುದೇ?

ಹೋಗಬಹುದು, ಹೊನ್ನೇಮರಡು ಕಡೆ ಬಹಳ ಜನ ಹೋಗುತ್ತಾರೆ. ಆದರೆ ಅದನ್ನು ಕೆರೆ ಎನ್ನಬೇಡಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ನಿಂತ ನೀರು ಅದು. ಅದರ ಅಡಿಯಲ್ಲಿ ಊರುಗಳಿವೆ, ಗದ್ದೆಗಳಿವೆ, ಇಂಥವೇ ಎಷ್ಟೋ ಕೆರೆಗಳಿವೆ. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ನೀರು ಇಳಿದಾಗ, ಅದಕ್ಕೂ ಹಿಂದೆ ಕಟ್ಟಿದ್ದ ಮಡೇನೂರು ಅಣೆಕಟ್ಟೆ ಹೊರಗೆ ಕಾಣಿಸುತ್ತದೆ. ಅದನ್ನು ನೋಡಲು ಸೇರುವವರಲ್ಲಿ ಊರು ಬಿಟ್ಟು ಬಂದವರ ಮಕ್ಕಳೂ ಮೊಮ್ಮಕ್ಕಳೂ ಇರುತ್ತಾರೆ. ಅಲ್ಲಿ ಪಾರ್ಟಿ ಹಾಡು ಹಾಕಿ ಕುಣಿಯುವ ಮೊದಲು ಪಕ್ಕದಲ್ಲಿ ನಿಂತವರ ಮುಖ ನೋಡಿ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಕೆರೆಗಳು ತುಂಬಿರುತ್ತವೆ, ದಾರಿ ಒಣಗಿರುತ್ತದೆ, ಬೆಳಗಿನ ಮಂಜು ನೀರಿನ ಮೇಲೆ ಎಂಟು ಗಂಟೆಯವರೆಗೂ ಕೂತಿರುತ್ತದೆ. ಸೂರ್ಯ ಹುಟ್ಟುವ ಮೊದಲೇ ಏರಿಯ ಮೇಲಿರಬೇಕು. ಹತ್ತು ಗಂಟೆಗೆ ತಿಂಡಿ ಮುಗಿಸಿ ಬಂದವರಿಗೆ ಬಿಸಿಲು ಮತ್ತು ನೀರು ಮಾತ್ರ ಸಿಗುತ್ತದೆ.

ಮಳೆಗಾಲದಲ್ಲಿ ಬಂದರೆ?

ಆರಿದ್ರಾದಿಂದ ಆಶ್ಲೇಷಾ ಮಳೆಯವರೆಗೆ ಕಾಲುಸಂಕಗಳು ಜಾರುತ್ತವೆ, ಹಳ್ಳಗಳು ಒಂದೇ ಗಂಟೆಯಲ್ಲಿ ಏರುತ್ತವೆ, ಧರೆ ಕುಸಿಯುತ್ತದೆ. ಮನೆಯ ಹತ್ತಿರದ ಕೆರೆಯನ್ನು ಸ್ಥಳೀಯರ ಜೊತೆ ನೋಡುವುದಕ್ಕೆ ಅಡ್ಡಿಯಿಲ್ಲ. ಕಾಡೊಳಗೆ ಒಬ್ಬರೇ ಹೋಗುವುದು ಬೇಡ.

ಆದರೂ ಮಳೆಗಾಲದ ಕೆರೆಯಷ್ಟು ಜೀವಂತವಾದದ್ದು ಬೇರೆ ಇಲ್ಲ ಎಂದು ಹೇಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಮೊದಲ ಮಳೆ ಬಿದ್ದ ರಾತ್ರಿಯಿಂದ ಕಪ್ಪೆಗಳ ಕೂಗು ಮನೆಯೊಳಗೆ ಮಾತು ಕೇಳಿಸದಷ್ಟು ಏರುತ್ತದೆ. ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ಟಾರ್ಚ್ ಹಿಡಿದು ಹುಡುಕಿ. ಎಲೆಗಳನ್ನು ಸೇರಿಸಿ ಅಂಟಿಸಿದಂತೆ ಮುಷ್ಟಿ ಗಾತ್ರದ ಬಿಳಿ ನೊರೆ ಕಾಣುತ್ತದೆ. ಅದು ಹಾರುವ ಕಪ್ಪೆಯ ಗೂಡು. ಬೆರಳುಗಳ ನಡುವೆ ಕೆಂಪು ಜಾಲಪೊರೆ ಇರುವ ಹಸಿರು ಕಪ್ಪೆ ಅದು. ಆ ಪೊರೆ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಹೆಣ್ಣು ಕಪ್ಪೆ ಮೊಟ್ಟೆಯ ಜೊತೆ ಬರುವ ದ್ರವವನ್ನು ಹಿಂಗಾಲಿನಿಂದ ಕಡೆದು ನೊರೆ ಮಾಡುತ್ತದೆ. ಒಂದೆರಡು ದಿನಕ್ಕೆ ನೊರೆಯ ಹೊರಪದರ ಒಣಗಿ ಕಂದಾಗುತ್ತದೆ, ಒಳಗೆ ಮಾತ್ರ ತೇವ ಉಳಿದಿರುತ್ತದೆ. ಕೆಲವು ದಿನಗಳ ನಂತರ ಮಳೆಗೆ ನೊರೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಒಮ್ಮೆ ಕೊಡೆ ಹಿಡಿದು ಅರ್ಧ ಗಂಟೆ ನಿಂತು ನಾನು ಅದನ್ನು ನೋಡಿದ್ದೇನೆ. ಬಿದ್ದ ಪ್ರತಿಯೊಂದಕ್ಕೂ ನೀರಿನಲ್ಲಿ ಅಕ್ಕಿಕಾಳು ಬಿದ್ದಷ್ಟು ಸಣ್ಣ ಉಂಗುರ ಏಳುತ್ತಿತ್ತು.

ಫೋಟೊಗೆ ಅಡ್ಡವಾಯಿತೆಂದು ನೀವು ಮುರಿಯುವ ಕೊಂಬೆಯ ಮೇಲೆ ಅಂಥ ಗೂಡು ಇರಬಹುದು. ಕೆರೆಯ ಕಡೆಗೆ ಬಾಗಿದ ಒಂದು ರೆಂಬೆಯನ್ನೂ ಮುರಿಯಬೇಡಿ.

ಕಾಡಿನೊಳಗಿನ ಕೆರೆಗೆ ಹೋಗಲು ಅನುಮತಿ ಬೇಕೇ?

ಜಾಗದ ಮೇಲೆ ಹೋಗುತ್ತದೆ. ಮೀಸಲು ಅರಣ್ಯ ಮತ್ತು ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಶೆಟ್ಟಿಹಳ್ಳಿ, ಶರಾವತಿ ಕಣಿವೆಯ ಕಾಡುಗಳು ವನ್ಯಜೀವಿಧಾಮಕ್ಕೆ ಸೇರಿದವು. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಊರ ಕೆರೆ ಪಂಚಾಯಿತಿಯದು, ಆದರೆ ಅದಕ್ಕೆ ಹೋಗುವ ದಾರಿ ಬಹಳ ಸಲ ಯಾರದೋ ತೋಟದ ನಡುವೆ ಹಾದುಹೋಗುತ್ತದೆ. ಸೊಪ್ಪಿನಬೆಟ್ಟವೂ ಹಾಗೆಯೇ. ನೋಡಲು ಕಾಡಿನಂತಿರುತ್ತದೆ, ತೋಟಕ್ಕೆ ಸೊಪ್ಪು ತರುವ ಹಕ್ಕು ಒಂದು ಮನೆಯವರಿಗೆ ಇರುತ್ತದೆ.

ಮೊಬೈಲ್ ನಕ್ಷೆ ನೋಡಿಕೊಂಡು ಬಂದರೆ ಸಾಲದೇ?

ಸಾಲದು. ನಕ್ಷೆಯಲ್ಲಿ ರಸ್ತೆಯಂತೆ ಕಾಣುವುದು ಇಲ್ಲಿ ಎತ್ತಿನಗಾಡಿಯ ಹಳೆಯ ಜಾಡು ಆಗಿರಬಹುದು, ಯಾರದೋ ಅಂಗಳಕ್ಕೆ ಹೋಗಿ ನಿಲ್ಲಬಹುದು. ಊರು ದಾಟಿದ ಮೇಲೆ ನೆಟ್‌ವರ್ಕ್ ಸಿಗುವುದೂ ಅಪರೂಪ.

ಮೊದಲು ಸಿಗುವ ಮನೆಯ ಮುಂದೆ ಗಾಡಿ ನಿಲ್ಲಿಸಿ, ಹಾರ್ನ್ ಹೊಡೆಯದೆ, ಇಳಿದು ಹೋಗಿ ಕೇಳಿ. ‘ಅಮ್ಮಾ, ನಾವು ಶಿವಮೊಗ್ಗದಿಂದ ಬಂದಿದ್ದೇವೆ, ನಿಮ್ಮ ಕೆರೆ ನೋಡಿಕೊಂಡು ಹೋಗಬಹುದೇ?’ ಎಂದರೆ ಸಾಕು. ಮಲೆನಾಡಿನ ಮನೆಗಳಲ್ಲಿ ಮೊದಲು ನೀರು ಬೆಲ್ಲ ಬರುತ್ತದೆ, ಆಮೇಲೆ ‘ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ. ಅದು ಅನುಮಾನವಲ್ಲ, ಮಾತು ಶುರುಮಾಡುವ ರೀತಿ. ಎರಡನ್ನೂ ಸಂತೋಷದಿಂದ ಸ್ವೀಕರಿಸಿ.

ಇನ್ನೊಂದು ಮುಖ್ಯ ವಿಷಯ ದಣಪೆ. ತೋಟದ ಬಾಯಲ್ಲಿ ಎರಡು ಕಂಬಗಳ ನಡುವೆ ಅಡ್ಡಗಳು ತೂರಿಸಿರುತ್ತವೆ. ದಾಟಲು ಅವನ್ನು ಸರಿಸುತ್ತೀರಿ. ದಾಟಿದ ಮೇಲೆ ಅಷ್ಟನ್ನೂ ಮೊದಲಿದ್ದಂತೆ ತೂರಿಸಿ. ಕೆಳಗಿನ ಒಂದು ಅಡ್ಡವನ್ನು ಬಿಟ್ಟರೂ ಕರು ನುಗ್ಗುತ್ತದೆ. ಹೀಗೆ ತೆರೆದುಹೋದ ಒಂದೇ ರಾತ್ರಿಯಲ್ಲಿ ನಮ್ಮ ಪಕ್ಕದ ಮನೆಯವರ ನಲವತ್ತು ಅಡಿಕೆ ಸಸಿಗಳು ದನಗಳ ಪಾಲಾದವು. ಅದಾದ ಮೇಲೆ ಒಂದು ವರ್ಷ ಅವರು ಯಾರನ್ನೂ ಆ ದಾರಿಯಲ್ಲಿ ಬಿಡಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ.

ಇಂಬಳಕ್ಕೆ (ಜಿಗಣೆಗೆ) ಏನು ಮಾಡಬೇಕು?

ಹೆದರಬೇಡಿ. ಮಳೆಗಾಲದಲ್ಲೂ ಅದರ ನಂತರದ ಒಂದೆರಡು ತಿಂಗಳೂ ಇಂಬಳ ಇದ್ದೇ ಇರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ನೋವಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿ ಇರುವುದರಿಂದ, ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ನಮ್ಮವರು ಸುಣ್ಣ ಮತ್ತು ಹೊಗೆಸೊಪ್ಪು ಕಲಸಿ ಕಾಲಿಗೆ ಹಚ್ಚಿಕೊಳ್ಳುತ್ತಾರೆ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿಕೊಂಡರೂ ನಡೆಯುತ್ತದೆ. ಹಿಡಿದುಕೊಂಡಿದ್ದರೆ ಉಗುರನ್ನು ಚರ್ಮಕ್ಕೆ ಒತ್ತಿ ಬದಿಯಿಂದ ಸರಿಸಿ ಬಿಡಿಸಿ, ಸಾಬೂನಿನಲ್ಲಿ ತೊಳೆಯಿರಿ. ತೊಳೆಯುವುದು ಮನೆಗೆ ಬಂದ ಮೇಲೆ, ಕೆರೆಯಲ್ಲಲ್ಲ.

ಮಂಗನ ಕಾಯಿಲೆಯ ಭಯವಿದೆಯೇ?

ಇಂಬಳಕ್ಕೆ ಹೆದರಬೇಡಿ ಎಂದೆ. ಉಣ್ಣೆಯ (ಉಣುಗಿನ) ವಿಷಯದಲ್ಲಿ ಹಾಗೆ ಹೇಳುವುದಿಲ್ಲ.

ಈ ಕಾಯಿಲೆಯನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ವೈರಸ್ ಹರಡುವುದು ಸಾಸಿವೆಕಾಳಿಗಿಂತಲೂ ಸಣ್ಣದಾಗಿರಬಹುದಾದ ಉಣ್ಣೆಗಳಿಂದ. ಡಿಸೆಂಬರ್‌ನಿಂದ ಮೇವರೆಗೆ, ತರಗೆಲೆ ಒಣಗಿರುವ ಕಾಲದಲ್ಲಿ ಅಪಾಯ ಹೆಚ್ಚು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಇದರಿಂದ ತೀರಿಕೊಂಡರು. ತರಗೆಲೆ ಗುಡಿಸಲು, ಕಟ್ಟಿಗೆ ತರಲು ದಿನವೂ ಕಾಡಿಗೆ ಹೋಗಬೇಕಾದವರನ್ನು ಈ ಕಾಯಿಲೆ ಮೊದಲು ಹಿಡಿಯುತ್ತದೆ. ಒಂದು ದಿನ ಬಂದು ಹೋಗುವ ನೀವು ಇಷ್ಟು ಮಾಡಿ. ಆ ವರ್ಷ ಕಾಯಿಲೆ ಕಾಣಿಸಿದ ಊರಿನ ಕಾಡಿಗೆ ಹೋಗಬೇಡಿ. ಗ್ರಾಮದ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಲ್ಲವೂ ಗೊತ್ತಿರುತ್ತದೆ, ಕೇಳಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣ್ಣೆ ನಿವಾರಕ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮೈಮುಚ್ಚುವ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ. ಹಿಂತಿರುಗಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ.

ಮನೆಗೆ ಹೋದ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂಬ ಮಾತನ್ನು ಮೊದಲು ಹೇಳಿ. ದೂರದ ಊರಿನ ವೈದ್ಯರಿಗೆ ಈ ಕಾಯಿಲೆಯ ನೆನಪು ಬರಲು ಆ ಒಂದು ಮಾತು ಬೇಕು.

ಕೆರೆಯಲ್ಲಿ ಈಜಬಹುದೇ?

ಬೇಡ. ಈಜು ಬಲ್ಲವರಿಗೂ ಬೇಡ.

ಹೊರಗಿನಿಂದ ನಿಶ್ಚಲವಾಗಿ ಕಾಣುವ ಕೆರೆಯ ತಳದಲ್ಲಿ ಸೊಂಟದವರೆಗೆ ಹೂಳು ಇರುತ್ತದೆ. ತಾವರೆ, ನೈದಿಲೆಯ ದಂಟುಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಎಳೆದಷ್ಟೂ ಬಿಗಿಯುತ್ತವೆ. ಏರಿಗೆ ಮಣ್ಣು ತೆಗೆದ ಹಳೆಯ ಗುಂಡಿಗಳು ಕೆರೆಯಂಗಳದಲ್ಲಿ ಅಲ್ಲಲ್ಲಿ ಇರುತ್ತವೆ, ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಎರಡಾಳು ಆಳ. ನಾನು ಹನ್ನೊಂದು ವರ್ಷದವನಾಗಿದ್ದಾಗ ತೂಬಿನ ಬಳಿ ಕಾಲು ಹೂತು, ಎದೆಯವರೆಗೆ ಇಳಿದುಬಿಟ್ಟಿದ್ದೆ. ದನ ಕಾಯುತ್ತಿದ್ದ ಅಜ್ಜ ಕಂಬಳಿಯ ತುದಿ ಎಸೆದು, ‘ಕಾಲು ಆಡಿಸಬೇಡ, ಮಲಗು’ ಎಂದು ಕೂಗಿದರು. ನೀರಿನ ಮೇಲೆ ಹೊಟ್ಟೆ ಹಚ್ಚಿ ಮಲಗಿದ ಮೇಲೆಯೇ ಕಾಲು ಸಡಿಲವಾದದ್ದು. ಆ ಕೆಸರು ಹಿಡಿದೆಳೆದ ತಣ್ಣನೆಯ ಹಿಡಿತ ಇಂದಿಗೂ ಪಾದಕ್ಕೆ ನೆನಪಿದೆ. ತೂಬು ಎತ್ತಿರುವ ದಿನಗಳಲ್ಲಂತೂ ಅದರ ಬಾಯಿಯ ಹತ್ತಿರ ಸುಳಿಯಬೇಡಿ.

ಕೆರೆಯ ನೀರು ಕುಡಿಯಬಹುದೇ?

ಬೇಡ, ನೀರು ತನ್ನಿ ಅಥವಾ ಮನೆಯಲ್ಲಿ ಕೇಳಿ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯುವುದೂ ಬೇಡ, ಇಲಿಜ್ವರ ಬರುವುದು ಹಾಗೆಯೇ.

ಮೀನು ಹಿಡಿಯಬಹುದೇ? ಕೆರೆಬೇಟೆ ನೋಡಲು ಬರಬಹುದೇ?

ಗಾಳ ತಂದು ಕೂರುವ ಮೊದಲು ಕೇಳಿ. ಅನೇಕ ಕೆರೆಗಳ ಮೀನಿನ ಹಕ್ಕು ಹರಾಜಾಗಿರುತ್ತದೆ, ಕೆಲವು ದೇವರ ಕೆರೆಗಳಲ್ಲಿ ಮೀನನ್ನು ಮುಟ್ಟುವ ಪದ್ಧತಿಯೇ ಇಲ್ಲ.

ಕೆರೆಬೇಟೆ ನಡೆಯುವುದು ಬೇಸಿಗೆಯಲ್ಲಿ, ನೀರು ಮೊಣಕಾಲಿಗೆ ಇಳಿದಾಗ. ಊರಿನವರು ದಿನ ಗೊತ್ತುಮಾಡುತ್ತಾರೆ. ಸುತ್ತಲಿನ ಹಳ್ಳಿಗಳ ನೂರಾರು ಜನ ಬಿದಿರಿನ ಕೂಣಿ ಹಿಡಿದು ದಡದಲ್ಲಿ ಸಾಲುಗಟ್ಟುತ್ತಾರೆ. ಸೂಚನೆ ಸಿಕ್ಕ ಕೂಡಲೇ ಎಲ್ಲರೂ ಒಟ್ಟಿಗೆ ನೀರಿಗೆ. ಕೂಣಿ ತಳವಿಲ್ಲದ ಬುಟ್ಟಿಯಂಥದು, ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಕೆಸರಿಗೆ ಕವುಚಿ ಒತ್ತಿ, ಒಳಗೆ ಮೀನು ಬಡಿದದ್ದು ಅಂಗೈಗೆ ಗೊತ್ತಾದರೆ ಮೇಲಿನಿಂದ ಕೈ ಹಾಕಿ ಹಿಡಿಯುತ್ತಾರೆ. ಬನ್ನಿ, ದಡದಲ್ಲಿ ನಿಂತು ನೋಡಿ. ಜನಸಂದಣಿಯಲ್ಲಿ ಕ್ಯಾಮೆರಾ ಹಿಡಿದು ನೀರಿಗಿಳಿದು ಬೇಟೆಯವರಿಗೆ ಅಡ್ಡಿಯಾಗಬೇಡಿ.

ಮನೆಯ ಗಾಜಿನ ತೊಟ್ಟಿಯ ಮೀನನ್ನು ಪುಣ್ಯಕ್ಕೆಂದು ತಂದು ನಮ್ಮ ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಹೊರಗಿನ ಮೀನು ಇಲ್ಲಿನ ಮೀನಿನ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿಂದು ಮುಗಿಸುತ್ತದೆ.

ಹಕ್ಕಿಗಳನ್ನು ನೋಡಲು ಎಲ್ಲಿ, ಹೇಗೆ?

ಗುಡವಿಗೆ ಹೋಗಿ. 1989ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಕೆರೆ ಅದು, ಸೊರಬದಿಂದ ಸುಮಾರು 16 ಕಿಲೋಮೀಟರ್. ವಿಸ್ತಾರ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಮಳೆಗಾಲದಲ್ಲಿ ಕೆರೆಯೊಳಗೇ ನಿಂತ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆಯೂ ಇದೆ, ಅದು ತುಂಗಾ ನದಿಯ ನಡುಗಡ್ಡೆ. ರಸ್ತೆಯ ಬದಿಯಿಂದಲೇ ಕಾಣುತ್ತದೆ.

ಸಾಮಾನ್ಯ ಊರಕೆರೆಯಲ್ಲೂ ನೋಡುವಷ್ಟಿದೆ. ಜೊಂಡಿನ ಮರೆಯಲ್ಲಿ ಜಂಬುಕೋಳಿ, ಹುಂಡುಕೋಳಿ, ನಡುನೀರಿನಲ್ಲಿ ಗುಳುಮುಳುಕ. ನನ್ನ ಮೆಚ್ಚಿನದು ದೇವನಕ್ಕಿ. ನೈದಿಲೆ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿ ನಡೆಯುತ್ತದೆ, ಎಲೆ ಅರ್ಧ ಮುಳುಗುವಷ್ಟರಲ್ಲಿ ಮುಂದಿನದಕ್ಕೆ ಹೋಗಿರುತ್ತದೆ. ಮೊಟ್ಟೆಗೆ ಕಾವು ಕೊಡುವುದೂ ಮರಿ ಸಾಕುವುದೂ ಗಂಡು. ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಎದ್ದು ಹೋಗುತ್ತದೆ. ಆಗ ಅಪ್ಪನ ರೆಕ್ಕೆಯ ಕೆಳಗೆ ಏಳೆಂಟು ಸಣ್ಣ ಕಾಲುಗಳು ಜೋತಾಡುವುದು ಕಾಣುತ್ತದೆ.

ನೋಡುವ ರೀತಿ ಒಂದೇ. ಕೆರೆಗೆ ಬಂದ ಮೇಲೆ ಒಂದು ಕಡೆ ಕುಳಿತುಬಿಡಿ. ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಂದೊಂದೇ ಹೊರಬರುತ್ತವೆ. ಡ್ರೋನ್ ಹಾರಿಸಿದರೆ ಗೂಡಿನ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಏಳುತ್ತವೆ, ಆ ಗದ್ದಲದಲ್ಲಿ ಮೊಟ್ಟೆಗಳು ಉರುಳಿ ನೀರಿಗೆ ಬೀಳುತ್ತವೆ, ಕಾಗೆಗಳು ಅದನ್ನೇ ಕಾಯುತ್ತಿರುತ್ತವೆ.

ಹಾವು, ಕಾಟಿ (ಕಾಡುಕೋಣ) ಎದುರಾದರೆ?

ಕೆರೆಯಲ್ಲಿ ತಲೆಯೆತ್ತಿ ಈಜುವುದು ಹೆಚ್ಚಾಗಿ ನೀರೊಳ್ಳೆ, ವಿಷವಿಲ್ಲ. ಆದರೂ ಯಾವ ಹಾವನ್ನೂ ಮುಟ್ಟಬೇಡಿ. ಕಾಟಿ ಸಂಜೆ ನೀರಿಗೆ ಬರುತ್ತದೆ, ಒಂಟಿಯಾಗಿದ್ದರೆ ಸಿಟ್ಟು ಹೆಚ್ಚು. ದಾರಿ ಬಿಟ್ಟು ನಿಂತು ಅದು ಹೋಗುವವರೆಗೆ ಕಾಯಿರಿ. ಐದು ಗಂಟೆಗೆ ಕಾಡಿನ ಅಂಚಿನಿಂದ ಹೊರಟುಬಿಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯುತ್ತ, ಕೊಯ್ಯುತ್ತ ಕೂರದೆ ನೇರ ತಾಲ್ಲೂಕು ಆಸ್ಪತ್ರೆಗೆ. ಆಂಬುಲೆನ್ಸ್‌ಗೆ 108.

ಏರಿಯ ಮೇಲೆ ಕುಂಕುಮ ಹಚ್ಚಿದ ಕಲ್ಲು ಕಂಡೆವು. ಅದೇನು?

ಚೌಡಿ. ಕೆರೆ ಕಾಯುವ ತಾಯಿ. ಗುಡಿಯಿಲ್ಲ, ಮರದಡಿಯ ಕಲ್ಲೇ ಅವಳು. ಏರಿ ಒಡೆಯದಂತೆ, ನೀರಿಗೆ ಮಕ್ಕಳು ಬೀಳದಂತೆ ಅವಳು ನೋಡಿಕೊಳ್ಳುತ್ತಾಳೆ ಎಂದು ನಮ್ಮ ಮನೆಯಲ್ಲಿ ನಂಬುತ್ತೇವೆ. ವರ್ಷಕ್ಕೊಮ್ಮೆ ಹಣ್ಣುಕಾಯಿ ಸಲ್ಲುತ್ತದೆ. ಅಲ್ಲಿ ಚಪ್ಪಲಿ ಬಿಟ್ಟು ಹೋಗಿ, ಆ ಕಲ್ಲಿನ ಮೇಲೆ ಚೀಲ ಇಡಬೇಡಿ. ಸೊರಬದ ಎಷ್ಟೋ ದೇವರಕಾನುಗಳು ಉಳಿದಿರುವುದು ಇಂಥ ಒಂದೊಂದು ಕಲ್ಲಿನಿಂದ.

ವಯಸ್ಸಾದವರನ್ನು, ಮಕ್ಕಳನ್ನು ಕರೆತರಬಹುದೇ?

ದೇವಗಂಗೆ, ಚಂಪಕ ಸರಸು, ಗುಡವಿಗೆ ಹತ್ತಿರದವರೆಗೆ ವಾಹನ ಹೋಗುತ್ತದೆ. ಕವಲೇದುರ್ಗ ಮಂಡಿನೋವು ಇರುವವರಿಗೆ ಬೇಡ. ಮಳೆಗಾಲದಲ್ಲಿ ಅದರ ಕಲ್ಲುಹಾಸು ಗಟ್ಟಿಗರನ್ನೂ ಜಾರಿಸುತ್ತದೆ. ಕೊಳದ ಮೆಟ್ಟಿಲಿನ ಮೇಲೆ ಮಕ್ಕಳ ಕೈ ಬಿಡಬೇಡಿ.

ದಡದಲ್ಲಿ ಟೆಂಟ್ ಹಾಕಿ ರಾತ್ರಿ ಉಳಿಯಬಹುದೇ?

ಬೇಡ ಎಂದೇ ಹೇಳುತ್ತೇನೆ. ರಾತ್ರಿ ಆ ದಡ ನೀರಿಗೆ ಬರುವ ಪ್ರಾಣಿಗಳದು. ಬೆಂಕಿ ಹಾಕಿದರೆ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಕಿಡಿಗೆ ಬೆಟ್ಟವೇ ಹೋಗುತ್ತದೆ. ಊರಿನಲ್ಲಿ ಉಳಿಯಿರಿ, ಬೆಳಗಿನ ಜಾವ ಬನ್ನಿ. ತಿಂಡಿಯ ಪೊಟ್ಟಣ, ಬಾಟಲಿ ವಾಪಸ್ ಒಯ್ಯಿರಿ. ಗಾಜಿನ ಚೂರು ಮುಂದಿನ ವರ್ಷ ನಾಟಿ ಮಾಡುವ ಹೆಂಗಸರ ಪಾದಕ್ಕೆ ಸಿಗುತ್ತದೆ. ಏರಿಯ ಮೇಲೆ ಒಡೆದ ಬಾಟಲಿ ನೀರಿನ ಜೊತೆ ತೂಬಿನಿಂದ ಗದ್ದೆಗೇ ಇಳಿಯುತ್ತದೆ.

ನಿಮ್ಮ ಊರಿನ ಕೆರೆಯ ಲೊಕೇಶನ್ ಕಳಿಸುತ್ತೀರಾ?

ಕಳಿಸುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ. ಮೇಲೆ ಹೆಸರು ಹೇಳಿದ ಜಾಗಗಳಿಗೆ ಜನ ಬಂದರೆ ತಡೆದುಕೊಳ್ಳುವ ದಾರಿಯಿದೆ, ಕಾವಲಿದೆ. ನಮ್ಮ ಕೆರೆಯ ಏರಿ ಮೂರು ಅಡಿ ಅಗಲ. ಇನ್ನೊಂದು ಹಳ್ಳಿಯ ಕೆರೆಯ ಚಿತ್ರ ಮೊಬೈಲ್‌ನಲ್ಲಿ ಹರಡಿದ ವರ್ಷ ಅಲ್ಲಿಗೆ ಭಾನುವಾರ ಐವತ್ತು ಬೈಕುಗಳು ಬರುತ್ತಿದ್ದವು. ಎರಡನೆಯ ಮಳೆಗಾಲದಲ್ಲಿ ಚಕ್ರದ ಜಾಡಿನಲ್ಲೇ ನೀರು ಹರಿದು ಏರಿ ಕೊರೆಯಿತು. ನೀವೂ ಊರಿನವರು ತೋರಿಸಿದ ಸಣ್ಣ ಕೆರೆಯ ಚಿತ್ರ ಹಾಕಿದರೆ ಊರಿನ ಹೆಸರು ಹಾಕಬೇಡಿ.

ನಮ್ಮ ಮನೆಗೆ ಬಂದವರನ್ನು ನಾನೇ ಕರೆದುಕೊಂಡು ಹೋಗುತ್ತೇನೆ.

ಕೆರೆಗೆ ನಾವೇನಾದರೂ ಮಾಡಬಹುದೇ?

ಮಾಡಬಹುದು. ಏಪ್ರಿಲ್‌ನಲ್ಲಿ ನೀರು ಇಳಿದಾಗ ಊರಿನವರು ಸೇರಿ ಹೂಳು ಎತ್ತುತ್ತೇವೆ, ಅಂತರಗಂಗೆ ಕಳೆಯನ್ನು ಕಿತ್ತು ದಡಕ್ಕೆ ಹಾಕುತ್ತೇವೆ. ಎತ್ತಿದ ಹೂಳು ತೋಟದ ಮರಗಳ ಬುಡಕ್ಕೆ ಹೋಗುತ್ತದೆ. ಗುದ್ದಲಿ, ಬುಟ್ಟಿ ಇಲ್ಲೇ ಇವೆ. ಹಳೆಯ ಬಟ್ಟೆ ಹಾಕಿಕೊಂಡು ಬೆಳಿಗ್ಗೆ ಏಳಕ್ಕೆ ಮೊದಲು ಬನ್ನಿ. ಹನ್ನೊಂದಕ್ಕೆ ಬಿಸಿಲೇರಿದ ಮೇಲೆ ಕೆಲಸ ನಿಲ್ಲಿಸಿ ಮರದಡಿ ಮಜ್ಜಿಗೆ ಕುಡಿಯುತ್ತೇವೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಎಷ್ಟು ಜನ ಎಂದು ಹಿಂದಿನ ದಿನ ಸಂಜೆಯೊಳಗೆ ತಿಳಿಸಿದರೆ ಅಕ್ಕಿ ಅಳೆಯಲು ಅನುಕೂಲ.